ಫ್ರೆಂಚ್ ವ್ಯಾಕರಣಕ್ಕೆ ಇಂಗ್ಲಿಷಿನ ಸುತ್ತುದಾರಿ ಯಾಕೆ?

ಮಾನ್ಯ ಸಂಪಾದಕರೇ,

ಫ್ರೆಂಚ್ ಕಲಿಯಬೇಕಾದರೆ ಮೊದಲು ಇಂಗ್ಲಿಷ್ ಗಟ್ಟಿ ಇರಬೇಕು ಎಂಬ ಮಾತು ಕಲಬುರಗಿ, ಬೀದರ್, ಯಾದಗಿರಿ ಕಡೆ ಆಗಾಗ ಕೇಳಿಬರುತ್ತದೆ. ಪಿಯುಸಿಗೆ ಫ್ರೆಂಚ್ ತೆಗೆದುಕೊಳ್ಳಬೇಕೆಂದವರಿಗೂ, ಕೆನಡಾಕ್ಕೆ ಹೋಗಲು ಟಿಇಎಫ್ ಎಂಬ ಫ್ರೆಂಚ್ ಪರೀಕ್ಷೆಗೆ ಕೂರುವವರಿಗೂ ಮನೆಯವರು, ನೆರೆಯವರು ಇದನ್ನೇ ಹೇಳುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳು ಇದಕ್ಕೇ ಹೆದರಿ ಹಿಂದೆ ಸರಿಯುತ್ತಾರೆ. ಪದಗಳ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಸಾವಿರಾರು ಪದಗಳು ಇಂಗ್ಲಿಷಿಗೆ ಸೇರಿಕೊಂಡವು. ವ್ಯಾಕರಣಕ್ಕೆ ಮಾತ್ರ ಈ ಮಾತು ಹೊಂದುವುದಿಲ್ಲ. ಕಲಿಯುವವರು ಕೇಳುವ ಪ್ರಶ್ನೆಗಳಲ್ಲಿ ಬಹಳಷ್ಟು ಹುಟ್ಟುವುದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಯೋಚಿಸಿ ಫ್ರೆಂಚಿಗೆ ತಿರುಗಿಸುವುದರಿಂದ. ಅದೇ ವಾಕ್ಯವನ್ನು ಮನೆಯ ಕನ್ನಡದಲ್ಲೋ ಶಾಲೆಯ ಹಿಂದಿಯಲ್ಲೋ ಇಟ್ಟು ನೋಡಿದರೆ ಎಷ್ಟೋ ಪ್ರಶ್ನೆ ಅಲ್ಲೇ ಬಗೆಹರಿಯುತ್ತವೆ. ಎಲ್ಲಿ ಬಗೆಹರಿಯುತ್ತವೆ, ಎಲ್ಲಿ ಕನ್ನಡವೂ ದಾರಿ ತಪ್ಪಿಸುತ್ತದೆ ಎಂಬುದನ್ನು ಉದಾಹರಣೆ ಸಮೇತ ಹೇಳಲು ಈ ಪತ್ರ.

ಓದುವ ಮೊದಲು ಒಂದು ಸೂಚನೆ. ಫ್ರೆಂಚ್ ಮಾತುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಉಚ್ಚಾರಣೆಗೆ ಇದು ಹತ್ತಿರ ಬರುತ್ತದೆ, ಅಷ್ಟೇ. ‘ತ್ಯು’, ‘ದ್ಯು’ ಎಂದು ಕಂಡ ಕಡೆ ತುಟಿಯನ್ನು ‘ಊ’ ಅನ್ನುವ ಹಾಗೆ ಗುಂಡಗೆ ಇಟ್ಟು ಬಾಯೊಳಗೆ ‘ಈ’ ಅನ್ನಬೇಕು. ‘ಆಂ’, ‘ಓಂ’ ಇರುವಲ್ಲಿ ಉಸಿರು ಮೂಗಿನಿಂದ ಹೋಗಬೇಕು, ಕೊನೆಗೆ ತುಟಿ ಮುಚ್ಚಿ ‘ಮ್’ ಅನ್ನಬಾರದು.

‘ನಾನು ಐದು ವರ್ಷದಿಂದ ಇಲ್ಲಿದ್ದೇನೆ’ ಎನ್ನುವುದಕ್ಕೆ ಯಾವ ಕಾಲ? ಹೊಸಬರ ಪ್ರಶ್ನೆಗಳಲ್ಲಿ ಇದು ತಪ್ಪದೆ ಇರುತ್ತದೆ. ಇಂಗ್ಲಿಷಿನ ‘ಹ್ಯಾವ್ ಬೀನ್ ಲಿವಿಂಗ್’ ತಲೆಯಲ್ಲಿದ್ದವರು ‘ಹ್ಯಾವ್’ ಕಂಡ ಕೂಡಲೇ ಭೂತಕಾಲಕ್ಕೆ ಹಾರಿ ‘ಜೆ ಅಬಿತೆ’ ಎಂದು ಬರೆಯುತ್ತಾರೆ. ಸರಿಯಾದದ್ದು ‘ಜಾಬಿತ್ ಇಸಿ ದಪ್ವಿ ಸ್ಯಾಂಕಾಂ’. ಕ್ರಿಯಾಪದ ಬರೀ ವರ್ತಮಾನದಲ್ಲಿದೆ. ಕನ್ನಡದ ‘ಐದು ವರ್ಷದಿಂದ ಇಲ್ಲೇ ಇದ್ದೀನಿ’ ಕೂಡ ಹಾಗೆಯೇ. ನಮ್ಮ ‘ಇಂದ’ ಮಾಡುವ ಕೆಲಸವನ್ನೇ ಅಲ್ಲಿ ‘ದಪ್ವಿ’ ಮಾಡುತ್ತದೆ. ಆ ಅವಧಿ ಮುಗಿದುಹೋಗಿದ್ದರೆ, ಅಂದರೆ ‘ಐದು ವರ್ಷ ಇದ್ದೆ, ಈಗಿಲ್ಲ’ ಎಂದಾದರೆ, ಆಗ ಭೂತಕಾಲ ಬೇಕು ಮತ್ತು ‘ದಪ್ವಿ’ ಬದಲು ‘ಪಾಂದಾಂ’ ಬರುತ್ತದೆ.

ಇದರ ಜೊತೆಗೇ ಬರುವ ತಪ್ಪು ‘ಜ ಸ್ವಿ ಮಾಂಜೆ’. ಇಂಗ್ಲಿಷಿನ ‘ಐ ಆಮ್ ಈಟಿಂಗ್’ ಪದಪದಕ್ಕೆ ಇಳಿದುಬಂದ ರೂಪ ಇದು. ನಮ್ಮ ಕಡೆ ‘ತಿಂತೀನಿ’, ‘ತಿನ್ಲತ್ತೀನಿ’ ಎಂದು ಎರಡಿವೆ. ಫ್ರೆಂಚಿನಲ್ಲಿ ಎರಡಕ್ಕೂ ‘ಜ ಮಾಂಜ್’ ಒಂದೇ. ಈ ಗಳಿಗೆಯಲ್ಲೇ ನಡೆದಿದೆ ಎಂದು ಒತ್ತಿ ಹೇಳಬೇಕಾದರೆ ಮಾತ್ರ ‘ಜ ಸ್ವಿ ಆಂ ತ್ರ್ಯಾಂ ದ ಮಾಂಜೆ’.

ಹಸಿವು, ವಯಸ್ಸಿನ ವಾಕ್ಯಗಳು ಇನ್ನೊಂದು ಗಂಟು. ಇಂಗ್ಲಿಷಿನವ ‘ನಾನು ಹಸಿದವನಾಗಿದ್ದೇನೆ, ನಾನು ಇಪ್ಪತ್ತಾಗಿದ್ದೇನೆ’ ಎಂಬ ಧಾಟಿಯಲ್ಲಿ ‘ಇರು’ ಅರ್ಥದ ‘ಎತ್ರ್’ ಹಾಕುತ್ತಾನೆ. ಫ್ರೆಂಚಿಗೆ ‘ಹೊಂದಿರು’ ಅರ್ಥದ ‘ಆವ್ವಾರ್’ ಬೇಕು: ‘ಜೆ ಫ್ಯಾಂ’, ‘ಜೆ ವ್ಯಾಂತಾಂ’. ಕನ್ನಡದವರಿಗೆ ಇಲ್ಲಿ ಒಂದು ಗುರುತು ಸಿಗುತ್ತದೆ. ‘ನನಗ’ ಎಂದು ಶುರುವಾಗುವ ಮೈಯ ಅನುಭವಗಳು, ಅಂದರೆ ಹಸಿವು, ಬಾಯಾರಿಕೆ, ಚಳಿ, ಸೆಕೆ, ಹೆದರಿಕೆ, ನಿದ್ದೆ, ಫ್ರೆಂಚಿನಲ್ಲಿ ‘ಆವ್ವಾರ್’ ಕಡೆಗೆ ಹೋಗುತ್ತವೆ: ಫ್ಯಾಂ, ಸ್ವಾಫ್, ಫ್ರ್ವಾ, ಶೋ, ಪರ್, ಸೊಮ್ಮೇಯ್. ಆದರೆ ಗುರುತನ್ನು ಪೂರ್ತಿ ನಂಬಬೇಡಿ. ‘ನನಗೆ ಸಂತೋಷ’, ‘ನನಗೆ ಸುಸ್ತು’ ಕೂಡ ‘ನನಗೆ’ಯಿಂದಲೇ ಶುರುವಾಗುತ್ತವೆ, ಫ್ರೆಂಚಿನಲ್ಲಿ ಮಾತ್ರ ‘ಜ ಸ್ವಿ ಕೋಂತಾಂ’, ‘ಜ ಸ್ವಿ ಫಾತಿಗೆ’. ‘ಕೋಂತಾಂ’, ‘ಫಾತಿಗೆ’ ವಿಶೇಷಣಗಳು, ‘ಫ್ಯಾಂ’, ‘ಸ್ವಾಫ್’ ನಾಮಪದಗಳು ಎಂಬುದೇ ಕಾರಣ. ಕಲಬುರಗಿ ಬಿಸಿಲಿನ ಬಗ್ಗೆ ಫ್ರೆಂಚರ ಮುಂದೆ ಹೇಳುವಾಗ ಎಚ್ಚರ: ಸೆಕೆಗೆ ‘ಜೆ ಶೋ’ ಅನ್ನಬೇಕು. ‘ಜ ಸ್ವಿ ಶೋ’ ಅಂದರೆ ಎದುರಿನವರು ಮುಸಿಮುಸಿ ನಕ್ಕಾರು.

ಇಂಗ್ಲಿಷಿನ ‘ಕ್ಯಾನ್’ ಒಂದೇ ಪದ, ಫ್ರೆಂಚಿನಲ್ಲಿ ಎರಡು ಯಾಕೆ ಎಂದು ಕೇಳುವವರಿದ್ದಾರೆ. ಕನ್ನಡದಲ್ಲೂ ಎರಡೇ ಇವೆಯಲ್ಲ! ‘ನನಗ ಈಜು ಬರ್ತದ’ ಎಂದರೆ ಕಲಿತ ವಿದ್ಯೆ, ‘ಜ ಸೆ ನಾಜೆ’. ‘ಇವತ್ತು ಈಜಲಿಕ್ಕೆ ಆಗ್ತದ’ ಎಂದರೆ ಅನುಕೂಲ, ‘ಜ ಪ ನಾಜೆ’. ‘ಬರುವುದು’ ಸಾವ್ವಾರ್, ‘ಆಗುವುದು’ ಪೂವ್ವಾರ್. ವ್ಯಕ್ತಿ, ಊರುಗಳ ಪರಿಚಯಕ್ಕೆ ಮೂರನೆಯ ಪದ ‘ಕೊನೇತ್ರ್’. ಅದರ ನಂತರ ನಾಮಪದವೇ ಬರಬೇಕು, ಇಡೀ ವಾಕ್ಯ ಬರುವಂತಿಲ್ಲ.

ಈಗ ಹೆಚ್ಚು ಜನ ಎಡವುವ ಸರ್ವನಾಮಗಳಿಗೆ ಬರೋಣ. ‘ಅವನು ಅದನ್ನು ನನಗೆ ಕೊಡುತ್ತಾನೆ’ ಎನ್ನಲು ಇಂಗ್ಲಿಷ್ ಕ್ರಿಯಾಪದ ಮೊದಲು, ಸರ್ವನಾಮ ಆಮೇಲೆ ಇಡುತ್ತದೆ. ಫ್ರೆಂಚ್ ಹೀಗೆ: ‘ಇಲ್ ಮ ಲ ದೊನ್’. ಪದಪದಕ್ಕೆ ಕನ್ನಡ ಕೂಡಿಸಿ: ಅವ – ನನಗ – ಅದನ್ನ – ಕೊಡ್ತಾನ. ಸಾಲು ಒಂದಿಷ್ಟೂ ಕದಲಿಲ್ಲ. ಸರ್ವನಾಮ ಕ್ರಿಯಾಪದಕ್ಕಿಂತ ಮೊದಲು ಯಾಕೆ ಬರುತ್ತದೆ ಎಂದು ಇಂಗ್ಲಿಷ್ ಮೂಲಕ ಅರ್ಧ ಗಂಟೆ ವಿವರಿಸುವ ಬದಲು ಈ ಒಂದು ವಾಕ್ಯ ಹಲಗೆಯ ಮೇಲೆ ಬರೆದರೆ ಸಾಕು. ಆದೇಶ ಕೊಡುವಾಗ ಮಾತ್ರ ಕ್ರಿಯಾಪದ ಮೊದಲು ಬರುತ್ತದೆ: ‘ದೊನ್ ಲ ಮ್ವಾ’. ‘ಕೊಡಬೇಡ’ ಎಂದರೆ ಮತ್ತೆ ಹಳೆಯ ಸಾಲೇ.

ಸಾಲಿನ ನಿಯಮ ಇಷ್ಟು: ಮ (ನನಗೆ), ತ (ನಿನಗೆ), ನೂ (ನಮಗೆ), ವೂ (ನಿಮಗೆ) ಮೊದಲು, ಅವುಗಳ ನಂತರ ಲ, ಲಾ, ಲೇ, ಆಮೇಲೆ ಲ್ವಿ, ಲರ್, ಕೊನೆಗೆ ಇ (ಅಲ್ಲಿ), ಆಂ (ಅದರಲ್ಲಿ). ಹಾಗಾಗಿ ‘ನನಗೆ ಅದನ್ನು’ ಎನ್ನುವಾಗ ‘ಮ ಲ’, ‘ಅವನಿಗೆ ಅದನ್ನು’ ಎನ್ನುವಾಗ ತಿರುಗಿ ‘ಲ ಲ್ವಿ’. ಪರೀಕ್ಷೆಯಲ್ಲಿ ಕೇಳುವುದೇ ಈ ತಿರುವನ್ನು.

‘ಲ’ ಯಾವಾಗ, ‘ಲ್ವಿ’ ಯಾವಾಗ? ಇಂಗ್ಲಿಷಿನಲ್ಲಿ ಎರಡಕ್ಕೂ ‘ಹಿಮ್’ ಒಂದೇ ಆದ್ದರಿಂದ ಉತ್ತರ ಅಲ್ಲಿ ಸಿಗುವುದಿಲ್ಲ. ಕನ್ನಡದ ವಿಭಕ್ತಿಯಲ್ಲಿ ಸಿಗುತ್ತದೆ. ‘ಅವನನ್ನ’ ಎಂದರೆ ಲ, ‘ಅವಳನ್ನ’ ಎಂದರೆ ಲಾ, ‘ಅವರನ್ನ’ ಎಂದರೆ ಲೇ. ‘ಅವನಿಗೆ’, ‘ಅವಳಿಗೆ’ ಎರಡಕ್ಕೂ ಲ್ವಿ. ‘ಅವರಿಗೆ’ ಲರ್. ಅವನಿಗೆ ಹೇಳು, ಅವನಿಗೆ ಬರೆ, ಅವನಿಗೆ ತೋರಿಸು, ಅವನಿಗೆ ಉತ್ತರ ಕೊಡು: ಎಲ್ಲ ಕಡೆ ಲ್ವಿ. ‘ಅವನಿಗೆ ಫೋನ್ ಮಾಡು’ ಎನ್ನುವಲ್ಲಿ ಇಂಗ್ಲಿಷ್ ‘ಕಾಲ್ ಹಿಮ್’ ಅಂದು ಕೈಕೊಡುತ್ತದೆ, ಕನ್ನಡ ಸರಿದಾರಿ ಹಿಡಿಸುತ್ತದೆ: ‘ತೆಲೆಫೊನೆ’ಗೆ ಲ್ವಿಯೇ ಬೇಕು.

ಇಲ್ಲೂ ನಾಲ್ಕು ಕ್ರಿಯಾಪದಗಳು ಕನ್ನಡದ ಮಾತು ಕೇಳುವುದಿಲ್ಲ. ‘ಅವನಿಗೆ ಸಹಾಯ ಮಾಡು’ ಎಂದರೂ ‘ಎದೆ’ಗೆ ಲ. ‘ಅವನಿಗಾಗಿ ಕಾಯು’ ಎಂದರೂ ‘ಆತಾಂದ್ರ್’ಗೆ ಲ, ಇಲ್ಲಿ ‘ಆಗಿ’ಯ ಅರ್ಥದ ‘ಪುರ್’ ಸೇರಿಸಿದರೆ ತಪ್ಪು. ‘ಅವರಿಗೆ ಥ್ಯಾಂಕ್ಸ್ ಹೇಳು’ ಎಂದರೂ ‘ರಮೆರ್ಸಿಯೆ’ಗೆ ಲೇ. ನಾಲ್ಕನೆಯದು ತಿರುವುಮುರುವು: ನಾವು ‘ಅವನನ್ನ ಕೇಳು’ ಅನ್ನುತ್ತೇವೆ, ‘ದಮಾಂದೆ’ಗೆ ಲ್ವಿ ಬೇಕು. ಈ ನಾಲ್ಕನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಹೊಸ ಕ್ರಿಯಾಪದ ಕಲಿಯುವಾಗ ಅರ್ಥದ ಪಕ್ಕದಲ್ಲಿ ‘ಲ’ ಅಥವಾ ‘ಲ್ವಿ’ ಎಂದು ಗುರುತು ಹಾಕುವುದು ಅಭ್ಯಾಸವಾಗಬೇಕು.

‘ನನ್ನ ಹತ್ರ ಮೂರು ಅದಾವ’ ಎಂದಷ್ಟೇ ನಾವು ಹೇಳಿಬಿಡುತ್ತೇವೆ. ಫ್ರೆಂಚ್ ಅಷ್ಟಕ್ಕೆ ಬಿಡುವುದಿಲ್ಲ. ಯಾವುದರ ಮೂರು ಎಂಬುದರ ಜಾಗದಲ್ಲಿ ‘ಆಂ’ ಬಂದೇ ಬರಬೇಕು: ‘ಜಾನೆ ತ್ರ್ವಾ’. ಎಣಿಕೆ, ಅಳತೆ ಮಾತ್ರ ಉಳಿದು ವಸ್ತುವಿನ ಹೆಸರು ಬಿಟ್ಟುಹೋದಾಗಲೆಲ್ಲ ‘ಆಂ’ ನೆನಪಾಗಲಿ.

ಭೂತಕಾಲದ ಪ್ರಶ್ನೆಗಳು ಮುಗಿಯುವುದೇ ಇಲ್ಲ. ಪಾಸೆ ಕೋಂಪೋಜೆ ಯಾವಾಗ, ಆ್ಯಂಪಾರ್ಫೆ ಯಾವಾಗ ಎಂಬುದು ಮೊದಲನೆಯದು. ‘ಹೋದೆ’ ಎಂಬುದು ಪಾಸೆ ಕೋಂಪೋಜೆ. ‘ಹೋಗ್ತಿದ್ದೆ’, ‘ಹೋಗ್ಲತ್ತಿದ್ದೆ’ ಎರಡೂ ಆ್ಯಂಪಾರ್ಫೆ. ‘ಅವ ಬಂದಾಗ ನಾ ಓದ್ಲತ್ತಿದ್ದೆ’ ಎನ್ನುವಲ್ಲಿ ಬಂದದ್ದು ಮೊದಲನೆಯದು, ಓದುತ್ತಿದ್ದದ್ದು ಎರಡನೆಯದು. ಕನ್ನಡ ಜಾರುವುದು ‘ಇತ್ತು’, ‘ಇದ್ದೆ’ ಬಂದಾಗ. ‘ಮನಿ ದೊಡ್ಡದಿತ್ತು’ ಎಂಬ ವರ್ಣನೆಗೆ ಆ್ಯಂಪಾರ್ಫೆ. ‘ಎರಡು ವರ್ಷ ಹೈದರಾಬಾದಿನಾಗ ಇದ್ದೆ’ ಎಂದು ಅವಧಿಗೆ ಗಡಿ ಹಾಕಿದರೆ ಪಾಸೆ ಕೋಂಪೋಜೆ. ನಮ್ಮಲ್ಲಿ ರೂಪ ಬದಲಾಗದ ಕಾರಣ ‘ಎಷ್ಟು ದಿನ?’ ಎಂಬುದಕ್ಕೆ ವಾಕ್ಯದಲ್ಲೇ ಉತ್ತರವಿದೆಯೇ ಎಂದು ನೋಡಿಕೊಳ್ಳಬೇಕು.

ಎರಡನೆಯದು, ಸಹಾಯಕ ಕ್ರಿಯಾಪದ ‘ಆವ್ವಾರ್’ ಆಗಬೇಕೋ ‘ಎತ್ರ್’ ಆಗಬೇಕೋ ಎಂಬುದು. ಹೋಗು, ಬರು, ಹುಟ್ಟು, ಸಾಯು, ಬೀಳು, ಉಳಿ ಇಂಥವುಗಳಿಗೆ ಎತ್ರ್ ಎಂದು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಪಟ್ಟಿ ಬೇಕು, ಸರಿ. ಗೊಂದಲ ಹುಟ್ಟುವುದು ಎರಡೂ ಕಡೆ ಓಡಾಡುವ ಆರು ಕ್ರಿಯಾಪದಗಳಿಂದ: ಮೋಂತೆ (ಏರು), ದೆಸಾಂದ್ರ್ (ಇಳಿ), ಸೊರ್ತೀರ್ (ಹೊರಬರು), ರಾಂತ್ರೆ (ಮರಳಿ ಒಳಬರು), ರತುರ್ನೆ (ಹಿಂದಿರುಗು), ಪಾಸೆ (ಹಾದುಹೋಗು). ಇವಕ್ಕೆ ಕನ್ನಡದ ‘ಇಸು’ ಒಳ್ಳೆಯ ಕೈಮರ. ‘ಇಳಿದಳು’ ಎಂದರೆ ಎತ್ರ್: ‘ಎಲ್ ಎ ದೆಸಾಂದ್ಯು’. ‘ಪೆಟ್ಟಿಗೆ ಇಳಿಸಿದಳು’ ಎಂದರೆ ಆವ್ವಾರ್: ‘ಎಲ್ ಆ ದೆಸಾಂದ್ಯು ಲಾ ವಾಲೀಜ್’. ಏರಿದಳು, ಏರಿಸಿದಳು ಕೂಡ ಇದೇ ಲೆಕ್ಕ. ಸೊರ್ತೀರ್‌ನಲ್ಲಿ ‘ಹೊರಬಂದಳು’, ‘ಹೊರತೆಗೆದಳು’ ಎಂದು ಪದವೇ ಬೇರೆಯಾಗುತ್ತದೆ. ‘ಮೆಟ್ಟಿಲು ಇಳಿದಳು’ ಎನ್ನುವಲ್ಲಿ ಮಾತ್ರ ಕೈಮರ ಸುಳ್ಳು ಹೇಳುತ್ತದೆ. ‘ಇಸು’ ಇಲ್ಲದಿದ್ದರೂ ಅಲ್ಲಿ ಆವ್ವಾರ್ ಬೇಕು, ಯಾಕೆಂದರೆ ಮೆಟ್ಟಿಲು ಕರ್ಮ. ಅನುಮಾನ ಬಂದಾಗ ‘ಏನನ್ನು?’ ಎಂದು ಕೇಳಿ ನೋಡಿ. ಉತ್ತರ ಸಿಕ್ಕಿದರೆ ಆವ್ವಾರ್.

ಮೂರನೆಯದು ಕೃದಂತದ ಹೊಂದಾಣಿಕೆ. ಫ್ರಾನ್ಸಿನ ಮಕ್ಕಳೂ ಇದರಲ್ಲಿ ಅಂಕ ಕಳೆದುಕೊಳ್ಳುತ್ತಾರೆ, ಹಾಗಾಗಿ ನಮ್ಮವರು ಕುಗ್ಗಬೇಕಿಲ್ಲ. ಎತ್ರ್ ಇದ್ದರೆ ಕೃದಂತ ಕರ್ತೃವಿನ ಲಿಂಗ, ವಚನ ಹಿಡಿಯುತ್ತದೆ. ಹಿಂದಿಯ ‘ಸೀತಾ ಗಯೀ, ರಾಮ್ ಗಯಾ’ ಇದ್ದಂತೆ. ಆವ್ವಾರ್ ಇದ್ದರೆ ಕರ್ತೃವನ್ನು ಮರೆತು ಕರ್ಮದ ಕಡೆ ನೋಡುತ್ತದೆ. ಇದೂ ಹಿಂದಿಯಲ್ಲಿದೆ: ‘ರಾಮ್ ನೇ ರೋಟೀ ಖಾಯೀ, ರಾಮ್ ನೇ ಆಮ್ ಖಾಯಾ’. ನಮ್ಮ ಬೀದಿಯ ದಖನಿ ಮಾತಿನಲ್ಲಿ ಈ ‘ನೇ’ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ಆದ್ದರಿಂದ ಶಾಲೆಯ ಹಿಂದಿ ಪಾಠವನ್ನೇ ನೆನೆಯಬೇಕು. ಹಿಂದಿಗೂ ಫ್ರೆಂಚಿಗೂ ಒಂದು ವ್ಯತ್ಯಾಸ ಇದೆ: ಫ್ರೆಂಚಿನಲ್ಲಿ ಕರ್ಮ ಕ್ರಿಯಾಪದಕ್ಕಿಂತ ಮುಂಚೆ ಬಂದರೆ ಮಾತ್ರ ಹೊಂದಾಣಿಕೆ. ‘ಎಲ್ ಆ ಎಕ್ರಿ ಲಾ ಲೆತ್ರ್’ ಎನ್ನುವಾಗ ಪತ್ರ ಕ್ರಿಯಾಪದದ ನಂತರ ಬಂದಿದೆ, ಬದಲಾವಣೆ ಇಲ್ಲ. ‘ಲಾ ಲೆತ್ರ್ ಕೆಲ್ ಆ ಎಕ್ರಿತ್’, ಅಂದರೆ ‘ಅವಳು ಬರೆದ ಪತ್ರ’ ಎನ್ನುವಾಗ ಪತ್ರ ಮೊದಲು ಬಂದಿದೆ, ಕೊನೆಗೆ ಸ್ತ್ರೀಲಿಂಗದ ‘ಇ’ ಅಕ್ಷರ ಸೇರಿ ‘ತ್’ ಕಿವಿಗೂ ಕೇಳುತ್ತದೆ. ಮೊದಲು ಬಂದದ್ದು ‘ಆಂ’ ಆಗಿದ್ದರೆ ಹೊಂದಾಣಿಕೆ ಬೇಡ.

‘ತೊಳ್ಕೊಂಡಳು’ ಎಂಬ ನಮ್ಮ ‘ಕೊಳ್ಳು’ ಫ್ರೆಂಚಿನ ‘ಸ’ ಸೇರುವ ಕ್ರಿಯಾಪದಗಳಿಗೆ ಬಲು ಹತ್ತಿರ. ‘ಎಲ್ ಸೆ ಲಾವೆ’ (ಮೈ ತೊಳ್ಕೊಂಡಳು), ‘ಎಲ್ ಸೆ ಲಾವೆ ಲೇ ಮ್ಯಾಂ’ (ಕೈ ತೊಳ್ಕೊಂಡಳು). ಬರೆಯುವಾಗ ಮೊದಲನೆಯದರಲ್ಲಿ ಕೃದಂತಕ್ಕೆ ಇನ್ನೊಂದು ‘ಇ’ ಬೇಕು, ಎರಡನೆಯದರಲ್ಲಿ ಬೇಡ, ಯಾಕೆಂದರೆ ಅಲ್ಲಿ ಕರ್ಮವಾದ ‘ಕೈ’ ಕ್ರಿಯಾಪದದ ನಂತರ ಬಂದಿದೆ. ಇಂಗ್ಲಿಷ್ ‘ಹರ್ ಹ್ಯಾಂಡ್ಸ್’ ಅನ್ನುವ ಕಡೆ ಫ್ರೆಂಚ್ ಬರೀ ‘ಲೇ ಮ್ಯಾಂ’ ಅನ್ನುತ್ತದೆ. ನಾವೂ ‘ಅವಳ ಕೈ ತೊಳ್ಕೊಂಡಳು’ ಅನ್ನುವುದಿಲ್ಲ.

‘ಬಂದಾಗ’, ‘ಬಂದರೆ’ ಎಂಬ ಎರಡಕ್ಕೆ ಫ್ರೆಂಚಿನಲ್ಲಿ ಬೇರೆ ಬೇರೆ ನಡೆ. ‘ಆಗ’ ಅರ್ಥದ ‘ಕಾಂ’ ನಂತರ ಭವಿಷ್ಯತ್ ಬರುತ್ತದೆ: ‘ಕಾಂತಿಲ್ ವಿಯಾಂದ್ರಾ, ಜ ಪಾರ್ತಿರೆ’. ಇಂಗ್ಲಿಷ್ ಇಲ್ಲಿ ವರ್ತಮಾನ ಹಾಕಿ ದಾರಿ ತಪ್ಪಿಸುತ್ತದೆ, ಹಿಂದಿಯ ‘ಜಬ್ ವೋ ಆಯೇಗಾ’ ಸರಿ ಹೇಳುತ್ತದೆ. ‘ಅರೆ’ ಅರ್ಥದ ‘ಸಿ’ ನಂತರ ಭವಿಷ್ಯತ್ ಬರಕೂಡದು: ‘ಸಿಲ್ ವಿಯಾಂ, ಜ ಪಾರ್ತಿರೆ’. ಈಗ ಹಿಂದಿಯ ‘ಅಗರ್ ವೋ ಆಯೇಗಾ’ ಕೆಡಿಸುತ್ತದೆ, ಇಂಗ್ಲಿಷ್ ಸರಿ. ‘ಬಂದಿದ್ದರೆ ಹೋಗುತ್ತಿದ್ದೆ’ ಎಂದು ನಡೆಯದೇ ಹೋದದ್ದನ್ನು ಹೇಳುವಾಗ ‘ಸಿ’ ನಂತರ ಪ್ಲ್ಯು ಕ ಪಾರ್ಫೆ (ಭೂತಕ್ಕೂ ಹಿಂದಿನ ಭೂತಕಾಲ), ಇನ್ನೊಂದು ಕಡೆ ಕಂಡಿಷನಲ್‌ನ ಭೂತಕಾಲ. ‘ರೆ’ ಎಂದು ಮುಗಿಯುವ ಕಂಡಿಷನಲ್ ರೂಪ ‘ಸಿ’ಗೆ ಸೇರುವುದಿಲ್ಲ ಎಂದು ಫ್ರಾನ್ಸಿನ ಶಾಲೆಗಳಲ್ಲಿ ಪ್ರಾಸ ಕಟ್ಟಿ ಹೇಳಿಕೊಡುತ್ತಾರೆ. ಹಾಗಾದರೆ ‘ಜ ನ ಸೆ ಪಾ ಸಿಲ್ ವಿಯಾಂದ್ರಾ’ ಎಂದು ಪುಸ್ತಕದಲ್ಲೇ ಇದೆಯಲ್ಲ ಎಂದು ಜಾಣರು ಕೇಳುತ್ತಾರೆ. ಆ ‘ಸಿ’ ಬೇರೆ. ಕನ್ನಡದಲ್ಲಿ ಅದು ‘ಬಂದರೆ’ ಅಲ್ಲ, ‘ಬರ್ತಾನೋ ಇಲ್ಲೋ’. ‘ಅರೆ’ ಇದ್ದಲ್ಲಿ ನಿಷೇಧ, ‘ಓ’ ಇದ್ದಲ್ಲಿ ಭವಿಷ್ಯತ್ತಿಗೆ ಅಡ್ಡಿಯಿಲ್ಲ.

ಲಿಂಗದ ವಿಷಯಕ್ಕೆ ಬಂದರೆ ಕನ್ನಡ ಕೈಚೆಲ್ಲುತ್ತದೆ. ನಮಗೆ ಕುರ್ಚಿ, ಮನೆ ಎಲ್ಲ ‘ಅದು’. ವಸ್ತುವಿಗೂ ಲಿಂಗ ಇರುತ್ತದೆ ಎಂಬ ಕಲ್ಪನೆಯನ್ನು ಹಿಂದಿ, ಉರ್ದು ಕೊಟ್ಟಿರುತ್ತವೆ. ಬೀದರ್ ಗಡಿಯವರಿಗೆ ಮರಾಠಿಯೂ ಕೊಟ್ಟಿರುತ್ತದೆ. ಅದಕ್ಕಿಂತ ಮುಂದೆ ಅವನ್ನು ನಂಬಿದರೆ ಕೆಟ್ಟಿತು. ಕಿತಾಬ್ ಸ್ತ್ರೀಲಿಂಗ, ಫ್ರೆಂಚಿನ ಲೀವ್ರ್ ಪುಲ್ಲಿಂಗ. ಘರ್ ಪುಲ್ಲಿಂಗ, ಮೆಜೋಂ ಸ್ತ್ರೀಲಿಂಗ. ಪದ ಕಲಿಯುವಾಗ ‘ಲ’, ‘ಲಾ’ ಸೇರಿಸಿ ಕಲಿಯಿರಿ ಎಂಬ ಸಲಹೆ ಅರ್ಧ ಸರಿ. ಸ್ವರದಿಂದ ಶುರುವಾಗುವ ಎಕೋಲ್, ಆರ್ಬ್ರ್ ಪದಗಳಲ್ಲಿ ಅದು ‘ಲೆಕೋಲ್’, ‘ಲಾರ್ಬ್ರ್’ ಎಂದಾಗಿ ಲಿಂಗವೇ ಅಡಗಿಹೋಗುತ್ತದೆ. ‘ಆ್ಯಂ’, ‘ಯೂನ್’ ಸೇರಿಸಿ ಕಲಿತರೆ ಅಡಗುವುದಿಲ್ಲ: ಯೂನ್ ಎಕೋಲ್, ಆ್ಯಂ ಆರ್ಬ್ರ್. ಟಿ-ಐ-ಓ-ಎನ್ ಅಕ್ಷರಗಳಿಂದ ಮುಗಿಯುವ ಪದಗಳು ಬಹುತೇಕ ಸ್ತ್ರೀಲಿಂಗ, ಎಂ-ಇ-ಎನ್-ಟಿ ಇಂದ ಮುಗಿಯುವವು ಬಹುತೇಕ ಪುಲ್ಲಿಂಗ. ಎ-ಜಿ-ಇ ಇಂದ ಮುಗಿಯುವ ವಿಲಾಜ್, ವ್ವಾಯಾಜ್, ಗರಾಜ್ ಪುಲ್ಲಿಂಗ. ಪಾಜ್, ಪ್ಲಾಜ್, ಇಮಾಜ್, ಕಾಜ್ ಸ್ತ್ರೀಲಿಂಗ.

ದ್ಯು, ದ ಲಾ, ದೇ ಯಾಕೆ ಬೇಕು ಎಂದು ಕೇಳುವವರಿಗೆ ಅಡುಗೆಮನೆಯ ಮಾತು ಸಾಕು. ‘ಒಂದಿಷ್ಟು’ ಎಂಬ ಪದ ವಾಕ್ಯದಲ್ಲಿ ತೂರಿಸಬಹುದಾದರೆ ದ್ಯು ಅಥವಾ ದ ಲಾ: ‘ಜ ಮಾಂಜ್ ದ್ಯು ಪ್ಯಾಂ’. ‘ಅಂದ್ರ ಇಷ್ಟ’ ಎಂದು ಮುಗಿಯುವುದಾದರೆ ಬರೀ ಲ: ‘ಜೇಮ್ ಲ ಪ್ಯಾಂ’. ಅಳತೆ ಹೇಳಿದಿರೋ, ‘ದ’ ಮಾತ್ರ: ಒಂದು ಕಿಲೋ ಮಸೂರ ಬೇಳೆಗೆ ‘ಆ್ಯಂ ಕಿಲೊ ದ ಲಾಂತಿಯ್’. ‘ಇಲ್ಲ’ ಎಂದಿರೋ, ಆಗಲೂ ‘ದ’: ‘ಜ ನ ಮಾಂಜ್ ಪಾ ದ ಪ್ಯಾಂ’. ಎತ್ರ್ ಇದ್ದಲ್ಲಿ ಮಾತ್ರ ಈ ಬದಲಾವಣೆ ಇಲ್ಲ, ‘ಇದು ರೊಟ್ಟಿಯಲ್ಲ’ ಎನ್ನಲು ‘ಸ ನೆ ಪಾ ದ್ಯು ಪ್ಯಾಂ’.

ತ್ಯು, ವೂ ಬಗ್ಗೆ ನಮ್ಮವರಿಗೆ ಹೇಳಿಕೊಡುವುದು ಏನಿಲ್ಲ, ಅವ್ವನಿಗೆ ‘ನೀ’, ಗುರುಗಳಿಗೆ ‘ನೀವು’ ಎಂದು ಗೊತ್ತಿದ್ದರೆ ಆಯಿತು. ಒಬ್ಬರಿಗೇ ‘ವೂ’ ಅಂದಾಗ ಕ್ರಿಯಾಪದ ಬಹುವಚನ, ವಿಶೇಷಣ ಏಕವಚನ ಎಂಬುದನ್ನಷ್ಟೇ ಗಮನಿಸಬೇಕು. ‘ಬರಲ್ಲೇನು?’ ಎಂಬ ನಿಷೇಧದ ಪ್ರಶ್ನೆಗೆ ‘ಬರ್ತೀನ್ರಿ’ ಎಂದು ಉತ್ತರಿಸುವುದಾದರೆ ‘ವಿ’ (ಹೌದು) ಅಲ್ಲ, ‘ಸಿ’ ಅನ್ನಬೇಕು. ‘ಹೌದು, ಬರಲ್ಲ’ ಎಂದು ನಾವು ಒಪ್ಪುವ ಕಡೆ ಫ್ರೆಂಚರು ‘ನೋಂ’ ಅನ್ನುತ್ತಾರೆ.

ಪರೀಕ್ಷೆಗೆ ಕೂರುವವರಿಗೆ ಕೊನೆಯದಾಗಿ. ಡೆಲ್ಫ್ ಎಂಬ ಫ್ರೆಂಚ್ ಪರೀಕ್ಷೆಯ ಎ1 ಹಂತದಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ತಲಾ 25 ಅಂಕ. ಒಟ್ಟು 100ಕ್ಕೆ 50 ಬೇಕು, ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಬರವಣಿಗೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಕಿವಿಗೆ ಕೇಳದ ಅಕ್ಷರಗಳಿಂದ. ಜ, ತ್ಯು, ಇಲ್, ಬಹುವಚನದ ಇಲ್ – ನಾಲ್ಕಕ್ಕೂ ‘ಪಾರ್ಲ್’ (ಮಾತಾಡು) ಎಂದೇ ಉಚ್ಚಾರ. ಕಾಗುಣಿತ ಮಾತ್ರ ಮೂರು ಬಗೆ. ಕನ್ನಡದಲ್ಲಿ ಬರೆದಂತೆ ಓದುವ ನಾವು ಕೇಳಿದಂತೆ ಬರೆದು ಸಿಕ್ಕಿಬೀಳುತ್ತೇವೆ. ಬರೆದು ಮುಗಿಸಿದ ಮೇಲೆ ಉತ್ತರಪತ್ರಿಕೆಯನ್ನು ಎರಡು ಸಲ ಓದಿ. ಮೊದಲ ಸಲ ಪ್ರತಿ ಕ್ರಿಯಾಪದದಿಂದ ಅದರ ಕರ್ತೃವಿನವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊನೆಯ ಅಕ್ಷರ ಸರಿಯಿದೆಯೇ ನೋಡಿ, ಎರಡನೆಯ ಸಲ ವಿಶೇಷಣ ಮತ್ತು ಕೃದಂತಗಳನ್ನು ಹಾಗೆಯೇ ನೋಡಿ. ಎರಡನ್ನೂ ಒಂದೇ ಓದಿನಲ್ಲಿ ಹುಡುಕಲು ಹೋದರೆ ಅರ್ಧ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಇಂತಿ,
ಫ್ರೆಂಚ್ ಬೋಧಕರು, ಕಲಬುರಗಿ